ಅಪ್ಪನ ಕಣ್ಣಿಗೊಂದು ದುರ್ಬೀನು

ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಆಫೀಸಲ್ಲಿ ರಿಲೀಸು, ತಲೆ ಎತ್ತೋಕೂ ಪುರುಸೊತ್ತಿಲ್ಲ ಅಂತೆಲ್ಲ ನೆಪ ಹೇಳಬಹುದು, ನೀವೂ ನಂಬಬಹುದು. ಆದರೆ ನಿಜ ಹೇಳಿಬಿಡ್ತೀನಿ. ಕಳೆದ ನಾಲ್ಕು ಭಾನುವಾರ ಶೆಟ್ಟಿಹಳ್ಳಿಯ ನಮ್ಮ ಮನೆ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಕೂತು ಹತ್ತು ಸ್ಕ್ರೂ ಬಿಗಿ ಮಾಡ್ತಾ ಇದ್ದೆ. ಹತ್ತು ಸ್ಕ್ರೂಗೆ ನಾಲ್ಕು ಭಾನುವಾರಾನಾ ಅಂತ ನಗಬೇಡಿ. ಇಂಜಿನಿಯರಿಂಗ್ ಡಿಗ್ರಿ ಇದೆ ಅನ್ನೋ ಅಹಂಕಾರದಿಂದ ಶುರು ಮಾಡಿದ್ದೇ ತಪ್ಪಾಯ್ತು.

ವಿಷಯ ಏನಂದ್ರೆ, ಅಪ್ಪನ ಏರ್ ರೈಫಲ್‌ಗೆ ಸ್ಕೋಪ್ ಕೂರಿಸಬೇಕಿತ್ತು. ಸ್ಕೋಪ್ ಅಂದ್ರೆ ಬಂದೂಕಿನ ಮೇಲೆ ಕೂರೋ ಸಣ್ಣ ದುರ್ಬೀನು, ಸಿನಿಮಾದಲ್ಲಿ ವಿಲನ್ ಒಂದು ಕಣ್ಣು ಮುಚ್ಚಿ ನೋಡ್ತಾನಲ್ಲ, ಅದೇ. ನಮ್ಮಪ್ಪ ವಿಲನ್ ಅಲ್ಲ. ಅಷ್ಟು ಮೊದಲೇ ಹೇಳಿಬಿಡೋದು ಒಳ್ಳೇದು.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ನಿಮ್ಮಲ್ಲಿ ಅರ್ಧ ಜನರ ತಾತನ ಕೈಯಲ್ಲಿದ್ದ ಜನತಾ ವಾಚು ಎಚ್‌ಎಂಟಿಯದ್ದೇ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ಅಪ್ಪ ಮನೆಗೆ ಬಂದರು. ಬರುವಾಗ ತಂದದ್ದು ಎರಡು: ಒಂದು ಟಿಫಿನ್ ಕ್ಯಾರಿಯರ್, ಇನ್ನೊಂದು ವಾಚ್ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳೋ ಲೂಪ್. ಮೂವತ್ತು ವರ್ಷಕ್ಕೂ ಹೆಚ್ಚು ಆ ಲೂಪ್ ಬಲಗಣ್ಣಲ್ಲೇ ಇತ್ತು. ಅವರ ಹುಬ್ಬಿನ ಕೆಳಗೆ ಅದರ ಗುರುತು ಈಗಲೂ ಇದೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಗುರಿ ಹೊಡೆದದ್ದು ಅವರ ಜೀವನದ ದೊಡ್ಡ ಸಾಹಸ. ಅದರ ನೆನಪಿಗೆ ಅಂತಲೇ 2017ರಲ್ಲಿ ಒಂದು ಸ್ಪ್ರಿಂಗ್ ಏರ್ ರೈಫಲ್ ತಗೊಂಡರು. ಲೈಸೆನ್ಸ್ ಬೇಡವಾ ಅಂತ ಕೇಳ್ತೀರಿ, ಗೊತ್ತು. ಆರ್ಮ್ಸ್ ರೂಲ್ಸ್ 2016ರ ಪ್ರಕಾರ 4.5 ಮಿ.ಮೀ. ಅಂದರೆ .177 ಬೋರ್ ದಾಟದ, 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಆಟಿಕೆ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತೆ. ಇನ್ನು ಹಕ್ಕಿಪಕ್ಕಿಗೆ ಗುರಿ ಇಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅರುಣಾಚಲ ಪ್ರದೇಶದಲ್ಲಂತೂ 2021ರಲ್ಲಿ ಹಕ್ಕಿ ಉಳಿಸೋಕೆ ಅಂತಲೇ ಜನ ಏರ್‌ಗನ್ ತಂದು ಸರ್ಕಾರಕ್ಕೆ ಒಪ್ಪಿಸೋ ಆಂದೋಲನ ಶುರುವಾಯ್ತು. ಅಪ್ಪನ ಗುರಿ ಏನಿದ್ದರೂ ಕಾಗದ.

ನಮ್ಮದು ಮೂವತ್ತು-ನಲವತ್ತು ಸೈಟು. ಹಳೇ ಕಾಲದ ಮನೆ, ಅಕ್ಕಪಕ್ಕ ಹಿಂದೆ ಮುಂದೆ ಜಾಗ ಬಿಡದೆ ಕಟ್ಟಿದ್ದು. ಮುಂಬಾಗಿಲ ಹತ್ತಿರ ಕೂತು ಹಾಲ್, ಅಡುಗೆಮನೆ ದಾಟಿ ಹಿತ್ತಲ ಗೋಡೆ ಕಡೆ ನೋಡಿದರೆ ಸರಿಯಾಗಿ ಹತ್ತು ಮೀಟರ್ ಸಿಗುತ್ತೆ. ಒಲಿಂಪಿಕ್ಸ್‌ನಲ್ಲೂ ಏರ್ ರೈಫಲ್‌ಗೆ ಹತ್ತೇ ಮೀಟರು! ಆ ಕೊನೆಗೆ ದಪ್ಪ ಹಲಗೆಯ ಪೆಟ್ಟಿಗೆ, ಅದರ ತುಂಬ ಹಳೇ ಬಟ್ಟೆ, ಹಿಂದೆ ಉಕ್ಕಿನ ತಗಡು. ಭಾನುವಾರ ಹನ್ನೊಂದರಿಂದ ಹನ್ನೆರಡು ಗಂಟೆ ಅಡುಗೆಮನೆ ಬಂದ್, ಹಿತ್ತಲ ಬಾಗಿಲಿಗೆ ಚಿಲಕ, ಅಮ್ಮ ಅಪ್ಪನ ಬೆನ್ನ ಹಿಂದಿನ ಸೋಫಾದಲ್ಲಿ. "ನಿಮ್ಮಪ್ಪನ ಸೀಸದ ಗುಂಡಿಗಾಗಿ ನನ್ನ ಸಾರು ಕಾಯ್ಬೇಕು" ಅಂತ ಗೊಣಗುತ್ತಾ ಕೂರೋದು ಅವರ ಪದ್ಧತಿ.

ಇದೆಲ್ಲ ಹೋದ ವರ್ಷ ನಿಂತುಹೋಯ್ತು.

ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಆಯ್ತು. ಚೆನ್ನಾಗೇ ಆಯ್ತು. ದೂರದ ಬಸ್ಸಿನ ಬೋರ್ಡು ನನಗಿಂತ ಮೊದಲು ಓದ್ತಾರೆ. ಆದರೆ ಕಣ್ಣೊಳಗೆ ಇಡೋ ಆ ಲೆನ್ಸ್ ಸಾಮಾನ್ಯವಾಗಿ ಒಂದೇ ದೂರಕ್ಕೆ ಹೊಂದಿಸಿದ್ದು. ನಮ್ಮ ಹುಟ್ಟಿನ ಲೆನ್ಸ್ ತರ ಹಿಗ್ಗಿ ಕುಗ್ಗಿ ಹತ್ತಿರದ್ದಕ್ಕೂ ದೂರದ್ದಕ್ಕೂ ಹೊಂದಿಕೊಳ್ಳಲ್ಲ. ಈಗ ರೈಫಲ್ಲಿನ ಮಾಮೂಲಿ ಗುರಿ ನೋಡೋ ಲೆಕ್ಕ ಕೇಳಿ. ಕಣ್ಣಿನ ಹತ್ತಿರ ಹಿಂದಿನ ಕಂಡಿ, ಆ ತುದಿಯಲ್ಲಿ ಮುಂದಿನ ಮುಳ್ಳು, ಹತ್ತು ಮೀಟರ್ ಆಚೆ ಕಾಗದ. ಮೂರು ದೂರದ ಮೂರು ವಸ್ತುಗಳನ್ನ ಒಂದೇ ಗೆರೆಗೆ ತರಬೇಕು. ಅಪ್ಪನಿಗೆ ಕಾಗದ ಸ್ಪಷ್ಟ, ಮುಳ್ಳು ಮಸುಕು, ಕಂಡಿಯಂತೂ ಇಲ್ಲವೇ ಇಲ್ಲ. ಓದೋ ಕನ್ನಡಕ ಹಾಕಿದರೆ ಕಂಡಿ ಬರುತ್ತೆ, ಕಾಗದ ಹೋಗುತ್ತೆ.

ಎರಡು ಭಾನುವಾರ ನೋಡಿದರು. ಮೂರನೇ ಭಾನುವಾರ "ಇನ್ನು ಸಾಕು ಬಿಡೋ" ಅಂದು ರೈಫಲ್ಲನ್ನ ಹಳೇ ಪಂಚೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ಅದರ ಜೊತೆಗೆ ಲೂಪಿನ ಡಬ್ಬಿಯೂ ಹೋಯ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಬೀದಿಯವರೆಲ್ಲ ನಿಂತ ವಾಚು ತಂದುಕೊಡುತ್ತಿದ್ದರು, ಅಪ್ಪ ಕಾಸು ತಗೊಳ್ಳದೆ ಸರಿ ಮಾಡಿಕೊಡುತ್ತಿದ್ದರು. ಈಗ "ಕಣ್ಣು ಆಗಲ್ಲಪ್ಪ" ಅಂತ ವಾಪಸ್ ಕಳಿಸ್ತಿದ್ದರಂತೆ. ದಿನವಿಡೀ ಟಿವಿ ಮುಂದೆ ಕೂರೋರು. ಟಿವಿ ನೋಡ್ತಿರಲಿಲ್ಲ, ಬರೀ ಕೂರೋರು.

ನಾನು ಅಪ್ಪನ್ನ ಕೇಳದೆ ಸ್ಕೋಪ್ ಆರ್ಡರ್ ಮಾಡಿದೆ. ಸ್ಕೋಪಿನ ಗುಣ ಏನಂದ್ರೆ, ಗುರಿಯನ್ನೂ ಗುರಿ ತೋರಿಸೋ ಕೂಡುಗೆರೆಯನ್ನೂ ಒಂದೇ ದೂರದಲ್ಲಿದ್ದ ಹಾಗೆ ಕಣ್ಣಿಗೆ ಕೊಡುತ್ತೆ. ಮೂರು ದೂರದ ತಾಪತ್ರಯ ಇಲ್ಲ. ಕಣ್ಣಿಗೆ ತಕ್ಕ ಹಾಗೆ ಹಿಂದಿನ ಐಪೀಸ್ ತಿರುಗಿಸಿಕೊಂಡರೆ ಕೂಡುಗೆರೆಯೂ ಸ್ಪಷ್ಟ. ಡಬ್ಬಿ ನೋಡಿ ಅಪ್ಪ ಹೇಳಿದ್ದು ಒಂದೇ ಮಾತು.

"2008ರಲ್ಲಿ ಬೀಜಿಂಗ್‌ನಲ್ಲಿ ಬಿಂದ್ರಾ ಇದನ್ನ ಹಾಕ್ಕೊಂಡು ಹೊಡೆದನೇನೋ?"

ಹಾಕಿಕೊಂಡಿರಲಿಲ್ಲ, ನಿಜ. ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆ ಹತ್ತು ಮೀಟರ್ ಸ್ಪರ್ಧೆಯಲ್ಲಿ ಸ್ಕೋಪಿಗೆ ಜಾಗವೇ ಇಲ್ಲ, ಸಣ್ಣ ತೂತಿನ ಸೈಟ್ ಮಾತ್ರ. ಆ ಗುರಿಯ ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರು. "ಅವನಿಗಾಗ ಇಪ್ಪತ್ತೈದು ವರ್ಷ ಅಪ್ಪ, ಪೊರೆ ಬಂದಿರಲಿಲ್ಲ" ಅಂದೆ. ಅಪ್ಪ ನಗಲಿಲ್ಲ. ಟಿವಿ ಕಡೆ ತಿರುಗಿದರು.

ಸರಿ, ನಾನೇ ಕೂರಿಸಿ ತೋರಿಸ್ತೀನಿ ಅಂತ ಶುರು ಮಾಡಿದೆ. ಮೊದಲ ಭಾನುವಾರ.

ರೈಫಲ್ ಮೈಮೇಲೆ ಉದ್ದಕ್ಕೆ ಎರಡು ಗಾಡಿ ಕೊರೆದಿರುತ್ತಾರೆ. ಅದಕ್ಕೆ ಡವ್‌ಟೇಲ್ ರೈಲು ಅಂತಾರೆ, ಪಾರಿವಾಳದ ಬಾಲದ ಆಕಾರ. ಅಗಲ 11 ಮಿ.ಮೀ. ಇದಕ್ಕೆ ಎರಡು ರಿಂಗು ಕಚ್ಚಿಸಬೇಕು, ರಿಂಗಿನೊಳಗೆ ಒಂದಿಂಚು ದಪ್ಪದ ಸ್ಕೋಪ್ ನಳಿಕೆ ಮಲಗಿಸಬೇಕು, ಮೇಲೆ ಮುಚ್ಚಳ ಹಾಕಿ ಸ್ಕ್ರೂ. ಇಷ್ಟೇ ತಾನೆ! ಅಲೆನ್ ಕೀ ಹಿಡಿದು ಹಲ್ಲು ಕಚ್ಚಿ ಬಿಗಿದೆ. ಇನ್ನೂ ಇರಲಿ ಅಂತ ಇನ್ನೊಂದು ಸುತ್ತು. ನಮ್ಮ ಕಾಲೇಜು ಪುಸ್ತಕದಲ್ಲಿ ಬಿಗಿ ಅಂದ್ರೆ ಭದ್ರ, ಅಷ್ಟೇ.

ಐದು ಗುಂಡು ಹೊಡೆದೆ, ಹತ್ತಿರ ಹತ್ತಿರ ಬಿದ್ದವು. ಇನ್ನೈದು, ಸ್ವಲ್ಪ ಆಚೆ. ಇನ್ನೈದು, ಇನ್ನೂ ಆಚೆ. ನನ್ನ ಕೈ ಸರಿ ಇಲ್ಲ ಅಂದುಕೊಂಡೆ. ಮರುಬಾರಿ ಹೊಡೆಯೋ ಮೊದಲು ಅಮ್ಮನ ಉಗುರು ಬಣ್ಣದಲ್ಲಿ ರಿಂಗು ಮತ್ತು ರೈಲು ಸೇರೋ ಕಡೆ ಒಂದು ಗೀಟು ಎಳೆದೆ. ಲಾಗ್ ಹಾಕದೆ ಬಗ್ ಸಿಗಲ್ಲ ಅಂತ ಆಫೀಸು ಕಲಿಸಿದೆಯಲ್ಲ. ಇಪ್ಪತ್ತು ಗುಂಡು ಆದ ಮೇಲೆ ನೋಡಿದರೆ ಗೀಟು ಎರಡು ತುಂಡಾಗಿತ್ತು. ರಿಂಗು ಎರಡು ಮಿಲಿಮೀಟರ್ ಹಿಂದಕ್ಕೆ ಸರಿದಿತ್ತು!

ಇದಕ್ಕೆ ಕಾರಣ ಮಜವಾಗಿದೆ. ನಿಜವಾದ ಬಂದೂಕು ಒಂದೇ ಕಡೆ, ಹಿಂದಕ್ಕೆ ಒದೆಯುತ್ತೆ. ಸ್ಪ್ರಿಂಗ್ ಏರ್ ರೈಫಲ್ ಎರಡು ಸಲ ಒದೆಯುತ್ತೆ. ಟ್ರಿಗರ್ ಎಳೆದಾಗ ಒಳಗಿನ ಸ್ಪ್ರಿಂಗು ಪಿಸ್ಟನ್ನನ್ನ ಮುಂದಕ್ಕೆ ನೂಕುತ್ತೆ, ಅದಕ್ಕೆ ಪ್ರತಿಯಾಗಿ ರೈಫಲ್ ಹಿಂದಕ್ಕೆ ಬರುತ್ತೆ. ಮರುಕ್ಷಣ ಆ ಪಿಸ್ಟನ್ ತುದಿಯಲ್ಲಿ ಒತ್ತಿಕೊಂಡ ಗಾಳಿಗೆ ಡಿಕ್ಕಿ ಹೊಡೆದು ನಿಲ್ಲುತ್ತೆ, ಆಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತೆ. ಡ್ರೈವರ್ ಗಕ್ಕಂತ ಬಸ್ಸು ಎಳೆದಾಗ ನಿಂತಿದ್ದವರು ಹಿಂದಕ್ಕೆ ವಾಲ್ತೀವಲ್ಲ, ಹಾಗೆ ಸ್ಕೋಪು ತಾನಿದ್ದಲ್ಲೇ ಉಳಿಯೋಕೆ ನೋಡುತ್ತೆ, ರೈಫಲ್ ಅದರ ಕೆಳಗಿಂದ ಮುಂದೆ ಹೋಗುತ್ತೆ. ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಹಿಂದೆ. ಇದೇ ಕಾರಣಕ್ಕೆ ದೊಡ್ಡ ಬಂದೂಕಿನ ಒಳ್ಳೊಳ್ಳೆ ಸ್ಕೋಪು ಕೂಡ ಸ್ಪ್ರಿಂಗ್ ರೈಫಲ್ ಮೇಲೆ ಹಾಳಾಗಬಹುದು. ಅದರೊಳಗಿನ ಲೆನ್ಸುಗಳನ್ನ ಒಂದೇ ಕಡೆಯ ಒದೆತಕ್ಕೆ ಅಂತ ಕಟ್ಟಿರ್ತಾರೆ. ಏರ್‌ಗನ್‌ಗೆ ಅಂತಲೇ ಮಾಡಿದ ಸ್ಕೋಪು ಕೇಳಿ ತಗೋಬೇಕು, ಹತ್ತು ಮೀಟರಿಗೆ ಫೋಕಸ್ ಆಗುತ್ತಾ ಅಂತಾನೂ ನೋಡಬೇಕು. ಅಷ್ಟನ್ನ ಮಾತ್ರ ನಾನು ಸರಿಯಾಗಿ ಮಾಡಿದ್ದೆ.

ಎರಡನೇ ಭಾನುವಾರ ಇನ್ನೂ ಜೋರಾಗಿ ಬಿಗಿದೆ. ಒಂದು ಸ್ಕ್ರೂವಿನ ತಲೆ ಸವೆದು ದುಂಡಗಾಯ್ತು. ಚಾಪೆ ಮೇಲೆ ನನ್ನ ಬೈಗುಳ ಕೇಳಿಸಿರಬೇಕು, ಟಿವಿ ಮ್ಯೂಟ್ ಆಯ್ತು.

"ಏನೋ ಅದು, ಎತ್ತಿನ ಗಾಡಿ ಚಕ್ರಕ್ಕೆ ಹಳಿ ಹೊಡೀತಿದ್ದೀಯಾ?"

ಅಪ್ಪ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ರಿಂಗು ಬಿಚ್ಚಿಸಿದರು. ಬೆರಳ ತುದಿಯಿಂದ ರೈಲು ಸವರಿ ಬೆರಳನ್ನ ನನ್ನ ಮೂಗಿನ ಹತ್ತಿರ ಹಿಡಿದರು. ಎಣ್ಣೆ! ರೈಫಲ್ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ್ದು. ಎಣ್ಣೆ ಮೇಲೆ ಎಷ್ಟು ಬಿಗಿದರೂ ಏನು ಬಂತು, ಎಣ್ಣೆ ಸ್ನಾನದ ದಿನ ಬಚ್ಚಲಲ್ಲಿ ನಿಂತ ಹಾಗೆ. ಆಮೇಲೆ ರಿಂಗಿನ ಹಲ್ಲು ನೋಡಬೇಕು ಅಂದರು. ಕಣ್ಣು ಕಿರಿದು ಮಾಡಿದರು, ಹತ್ತಿರ ತಂದರು, ದೂರ ಹಿಡಿದರು. ಕಾಣಲಿಲ್ಲ. ಒಂದು ನಿಮಿಷ ಸುಮ್ಮನಿದ್ದು, "ಮಂಚದ ಕೆಳಗೆ ಒಂದು ಡಬ್ಬಿ ಇದೆ, ತಗೊಂಬಾ" ಅಂದರು.

ಲೂಪ್ ಮತ್ತೆ ಬಲಗಣ್ಣಿಗೆ ಏರಿತು. ವಾಚಿನ ಲೂಪಿಗೆ ದೂರದ ಕಣ್ಣೇ ಸಾಕು ಅನ್ನೋದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಭೂತಗನ್ನಡಿಯೇ ಹತ್ತಿರದ ಕೆಲಸ ಮಾಡುತ್ತೆ, ವಸ್ತುವನ್ನ ಸ್ವಲ್ಪ ಆಚೆ ಈಚೆ ಮಾಡಿಕೊಂಡರೆ ಆಯ್ತು. ಅಪ್ಪ ರಿಂಗನ್ನ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ರಿಂಗ್ ನೋಡೋಕೆ ಅಷ್ಟು ಹೊತ್ತು ಬೇಕಿರಲಿಲ್ಲ ಅಂತ ನನಗೆ ಆಮೇಲೆ ಅನ್ನಿಸಿತು.

"ಇದರ ಹಲ್ಲಿನ ಓರೆ ಬೇರೆ, ರೈಲಿನ ಓರೆ ಬೇರೆ. ಒಂದು ಗೆರೆಯಲ್ಲಿ ಮಾತ್ರ ತಾಗ್ತಿದೆ. ಮೈಯೆಲ್ಲ ತಾಗಬೇಕು. ನೀನು ಬಿಗಿದಷ್ಟೂ ಅದು ಕಚ್ಚಲ್ಲ, ಸೀಳುತ್ತೆ."

ಅಷ್ಟೇ ಅಲ್ಲ, ಎರಡು ಬಿಡಿ ರಿಂಗು ಒಂದಕ್ಕೊಂದು ನೆಟ್ಟಗೆ ಇರದಿದ್ದರೆ ನಡುವೆ ಸ್ಕೋಪಿನ ನಳಿಕೆಯೇ ಬಾಗುತ್ತೆ. ಅಗ್ಗದ ರಿಂಗು ತಗೊಂಡಿದ್ದು ನನ್ನ ಜಿಪುಣತನ. ಆ ವಾರ ಎರಡೂ ರಿಂಗು ಒಂದೇ ಅಡಿಪಾಯದ ಮೇಲಿರೋ ಮೌಂಟ್ ತರಿಸಿದೆ. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಮೊಳೆ ಇರುತ್ತೆ, ಸ್ಟಾಪ್ ಪಿನ್ ಅಂತ. ರೈಫಲ್ಲಿನ ರೈಲಿನ ಹಿಂಭಾಗದಲ್ಲಿ ಒಂದು ತೂತು ಇತ್ತಲ್ಲ, ಅದು ಯಾಕೆ ಅಂತ ಎಂಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಈ ಮೊಳೆ ಕೂರೋಕೆ!

ಮೂರನೇ ಭಾನುವಾರ ಅಪ್ಪ ಬೆಳಗ್ಗೆ ಸ್ನಾನ ಮಾಡಿ ರೆಡಿಯಾಗಿ ಕೂತಿದ್ದರು. ಅವತ್ತು ಮಾಡಿದ ಕ್ರಮ ಹೇಳ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಗುಂಡು ತುಂಬಿಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಎರಡು ಸಲ ನೋಡಿದ್ದಾಯ್ತು. ರೈಲು, ಮೌಂಟು, ರಿಂಗಿನ ಒಳಮೈ, ಸ್ಕ್ರೂ ಎಲ್ಲವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದ್ದಾಯ್ತು. ಮೊಳೆಯನ್ನ ತೂತಿಗಿಳಿಸಿ, ತಳ ಮುಟ್ಟಿ ಮೌಂಟನ್ನ ಎತ್ತದ ಹಾಗೆ ಇಷ್ಟೇ ಇಷ್ಟು ಮೇಲಿಟ್ಟು, ಇಡೀ ಮೌಂಟನ್ನ ಹಿಂದಕ್ಕೆ ಒತ್ತಿ ಮೊಳೆ ತೂತಿನ ಹಿಂದಿನ ಅಂಚಿಗೆ ತಾಗಿಸಿದ್ದಾಯ್ತು. ಹೇಗೂ ಹಿಂದಕ್ಕೆ ಹೋಗಬೇಕು ಅಂತ ಹಟ ಮಾಡುತ್ತಲ್ಲ, ಹೋಗೋಕೆ ಜಾಗವೇ ಇಲ್ಲದಂತೆ ಕೂರಿಸೋದು. ಆಮೇಲೆ ರೈಲು ಕಚ್ಚೋ ಸ್ಕ್ರೂ ಬಿಗಿ.

ಮುಚ್ಚಳದ ಸ್ಕ್ರೂ ಸರದಿ ಬಂದಾಗ ಅಪ್ಪ ಅಲೆನ್ ಕೀಯನ್ನ ನನ್ನ ಕೈಯಿಂದ ತಗೊಂಡು ತಿರುಗಿಸಿ ಕೊಟ್ಟರು. ಉದ್ದದ ಕೈ ಸ್ಕ್ರೂ ಒಳಗೆ, ಗಿಡ್ಡದ್ದು ಬೆರಳಿಗೆ. ಎರಡೇ ಬೆರಳು. ಒಂದಾದ ಮೇಲೆ ಎದುರು ಮೂಲೆಯದು, ಕಾರಿನ ಚಕ್ರದ ನಟ್ಟಿನ ಹಾಗೆ, ಪ್ರತಿಯೊಂದಕ್ಕೂ ಕಾಲು ಸುತ್ತು ಮಾತ್ರ. ಮುಚ್ಚಳಕ್ಕೂ ಕೆಳಗಿನ ಭಾಗಕ್ಕೂ ನಡುವೆ ಎಡಕ್ಕೆಷ್ಟು ಸಂದು ಇದೆಯೋ ಬಲಕ್ಕೂ ಅಷ್ಟೇ ಇರಬೇಕು. ಲೆಕ್ಕ ಬೇಕು ಅನ್ನುವವರಿಗೆ, ಸಾಮಾನ್ಯವಾಗಿ 15ರಿಂದ 20 ಇಂಚು-ಪೌಂಡ್ ಅಂತಾರೆ, ಅಂದಾಜು 2 ನ್ಯೂಟನ್-ಮೀಟರ್. ಅಪ್ಪನಿಗೆ ಆ ಲೆಕ್ಕ ಬೇಕಾಗಿರಲಿಲ್ಲ. "ಸ್ಕ್ರೂ ಸಾಕು ಅನ್ನುತ್ತೆ, ಆಗ ಬಿಡು" ಅಂದರು. ನನಗೆ ಸ್ಕ್ರೂ ಏನೂ ಅನ್ನಲಿಲ್ಲ, ಅವರು ನಿಲ್ಲಿಸು ಅಂದಾಗ ನಿಲ್ಲಿಸಿದೆ.

ಆದರೆ ಕೊನೇ ಬಿಗಿ ಮಾಡೋ ಮೊದಲು ಒಂದು ದೊಡ್ಡ ಕೆಲಸ ಇತ್ತು, ಅದನ್ನ ನಾನು ಕೆಲಸ ಅಂತಲೇ ಅಂದುಕೊಂಡಿರಲಿಲ್ಲ. ನನ್ನ ಮಟ್ಟಿಗೆ ಸ್ಕೋಪ್ ನೋಡೋಕೆ ಚೆನ್ನಾಗಿ ಕೂತಿತ್ತು. ಅಪ್ಪ ಎತ್ತಿ ಹಿಡಿದರು. ಸ್ಕೋಪಿನಲ್ಲಿ ಬರೀ ಕಪ್ಪು. ಕುತ್ತಿಗೆ ಮುಂದಕ್ಕೆ ಚಾಚಿದರು, ಗಲ್ಲ ಎತ್ತಿದರು, ಆಗಲೂ ಕಾಣಲಿಲ್ಲ. ಕನ್ನಡಕದ ಗಾಜು ಐಪೀಸಿಗೆ ಟಕ್ ಅಂತ ತಗುಲಿತು. ನನಗೆ ಎದೆ ಧಸಕ್ಕಂತು. ಆಪರೇಷನ್ ಆದ ಕಣ್ಣು! ರೈಫಲ್ ಒದ್ದಾಗ ಇದೇ ಟಕ್ ಇನ್ನೂ ಜೋರಾಗಿ ಆಗಿದ್ದಿದ್ದರೆ? ಅಮ್ಮ ಸೋಫಾದಿಂದ ಎದ್ದು ಬಂದು "ಬೇಡ ಬಿಡ್ರಿ ಇದು" ಅಂದರು. ಅಪ್ಪನೂ ಇಳಿಸಿಬಿಟ್ಟರು. ಆ ಹೊತ್ತಿಗೆ ಮತ್ತೆ ಪಂಚೆ ಸುತ್ತಿ ಮಂಚದ ಕೆಳಗೆ ಹೋಗುತ್ತೆ ಅಂತ ನಾನೂ ಅಂದುಕೊಂಡೆ.

ಸ್ಕೋಪಿನ ಹಿಂದೆ ಕಣ್ಣು ಇಡಬೇಕಾದ ಒಂದು ಜಾಗ ಇರುತ್ತೆ. ಅದಕ್ಕೆ ಐ ರಿಲೀಫ್ ಅಂತಾರೆ. ನಮ್ಮದರಲ್ಲಿ ಸುಮಾರು ಒಂಬತ್ತು ಸೆಂಟಿಮೀಟರ್. ಅದಕ್ಕಿಂತ ಮುಂದೆ ಹಿಂದೆ ಆದರೆ ಸುತ್ತ ಕಪ್ಪು ಉಂಗುರ, ಪಕ್ಕಕ್ಕೆ ಸರಿದರೆ ಅರ್ಧಚಂದ್ರ. ನಾನು ನನ್ನ ಕುತ್ತಿಗೆಗೆ, ನನ್ನ ಕೈಯುದ್ದಕ್ಕೆ ನೋಡಿ ಕೂರಿಸಿದ್ದೆ. ಹೊಡೆಯೋರು ಅಪ್ಪ. ಅವರಿಗೆ ಕುತ್ತಿಗೆ ನೋವಿದೆ, ಕನ್ನಡಕ ಇದೆ, ನನಗಿಂತ ನಾಲ್ಕಿಂಚು ಗಿಡ್ಡ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ಇದನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ.

"ಕಣ್ಣು ಮುಚ್ಚಿಕೊಳ್ಳಿ ಅಪ್ಪ" ಅಂದೆ. ಎಲ್ಲೋ ಓದಿದ್ದ ಉಪಾಯ. ಕಣ್ಣು ಮುಚ್ಚಿ, ಸ್ಕೋಪನ್ನ ಮರೆತು, ಆರಾಮಾಗಿ ರೈಫಲ್ ಹೆಗಲಿಗಿಟ್ಟು ಕೆನ್ನೆ ಒರಗಿಸಿ. ಈಗ ತೆಗೀರಿ. ಏನು ಕಾಣುತ್ತೆ? ಕಪ್ಪು. ಸ್ಕೋಪನ್ನ ಬೆರಳಷ್ಟು ಮುಂದೆ ಜಾರಿಸಿದೆ. ಮತ್ತೆ ಮುಚ್ಚಿ, ತೆಗೀರಿ. ಉಂಗುರ. ಇನ್ನೊಂಚೂರು. ಇದನ್ನ ಜೂಮ್ ಪೂರ್ತಿ ಹೆಚ್ಚಿಟ್ಟು ಮಾಡಬೇಕು, ಆಗ ಕಣ್ಣಿಗೆ ಸಿಗೋ ಜಾಗ ಅತಿ ಇಕ್ಕಟ್ಟು. ಅಲ್ಲಿ ಸರಿಯಾದರೆ ಕಡಿಮೆ ಜೂಮಿನಲ್ಲೂ ನಡೆಯುತ್ತೆ. ಐದಾರು ಸಲ ಆದ ಮೇಲೆ ಅಪ್ಪ ಕಣ್ಣು ತೆಗೆದವರು ಮಾತಾಡಲಿಲ್ಲ. ಕನ್ನಡಕಕ್ಕೂ ಐಪೀಸಿಗೂ ಮಧ್ಯೆ ನನ್ನ ಮೂರು ಬೆರಳು ಆರಾಮಾಗಿ ಹೋಗ್ತಿತ್ತು. ಆದರೂ ಗಲ್ಲ ಮರದಿಂದ ಮೇಲೆ ತೇಲ್ತಿತ್ತು, ಸ್ಕೋಪು ಹಳೇ ಸೈಟಿಗಿಂತ ಎತ್ತರ ನೋಡಿ. ಯೋಗಾ ಮ್ಯಾಟಿನ ಎರಡು ತುಂಡು ಕತ್ತರಿಸಿ ಕೆನ್ನೆ ಇಡೋ ಜಾಗದ ಮೇಲೆ ಇಟ್ಟು ಬಟ್ಟೆಯ ಟೇಪ್ ಸುತ್ತಿದೆವು. ಯೋಗಾ ಮ್ಯಾಟ್ ನನ್ನದೇ, ಒಂದು ಸಲವೂ ಬಿಚ್ಚಿರಲಿಲ್ಲ :-)

"ಈಗ ಕುತ್ತಿಗೆ ಎಲ್ಲಿದೆಯೋ ಅಲ್ಲೇ ಇದೆ" ಅಂದರು ಅಪ್ಪ.

ಕೂಡುಗೆರೆ ನೆಟ್ಟಗಿರಬೇಕಲ್ಲ, ಅದಕ್ಕೆ ಹಿತ್ತಲ ಬಾಗಿಲಲ್ಲಿ ಗಾರೆಯವರ ತೂಗುಗುಂಡು ಇಳಿಬಿಟ್ಟರು. ರೈಫಲ್ಲನ್ನ ಮಟ್ಟಕ್ಕಿಟ್ಟು, ಸ್ಕೋಪಿನ ನಿಂತ ಗೆರೆ ಆ ದಾರದ ಮೇಲೆ ಕೂರೋವರೆಗೆ ನಳಿಕೆ ತಿರುಗಿಸೋದು. ಆಮೇಲೆ ಕೊನೇ ಬಿಗಿ.

ಮೊದಲ ಗುಂಡು ಹತ್ತು ಮೀಟರಿಂದ ಬೇಡ, ಮೂರು ಮೀಟರಿಂದ ಅಂತ ಅಪ್ಪನದೇ ಹುಕುಂ. ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲದ ಗುಂಡನ್ನ ದೂರದಿಂದ ಬಿಡಬಾರದು. ಹತ್ತು ಮೀಟರಿಗೆ ಹೋದಾಗ ಒಂಬತ್ತು ಸೆಂಟಿಮೀಟರ್ ಕೆಳಗೆ ಬಿತ್ತು. ಇದರಲ್ಲಿ ನಾಲ್ಕೂವರೆ, ಸ್ಕೋಪು ನಳಿಕೆಗಿಂತ ಮೇಲಿರೋದಕ್ಕೆ. ಒಂದು ಸೆಂಟಿಮೀಟರ್ ಭೂಮಿ ಎಳೆದದ್ದು. ಉಳಿದ ಮೂರೂವರೆ? ನಮ್ಮದು ಮಧ್ಯಕ್ಕೆ ಮುರಿದು ಗುಂಡು ತುಂಬೋ ರೈಫಲ್. ಇಂಥವುಗಳಲ್ಲಿ ನಳಿಕೆ ಸ್ವಲ್ಪ ತಲೆ ತಗ್ಗಿಸಿಕೊಂಡೇ ಇರೋದು ಸಾಮಾನ್ಯ. ಸ್ಕೋಪಿನ ಗುಬುಟು ಒಂದು ಕ್ಲಿಕ್ ತಿರುಗಿಸಿದರೆ ಹತ್ತು ಮೀಟರಲ್ಲಿ ಸುಮಾರು 0.7 ಮಿ.ಮೀ. ಮೇಲೆ. ಹಾಗಾಗಿ ನೂರಿಪ್ಪತ್ತಕ್ಕೂ ಹೆಚ್ಚು ಕ್ಲಿಕ್ ಬೇಕು. ಅಷ್ಟು ತಿರುಗಿಸೋ ಹೊತ್ತಿಗೆ ಗುಬುಟು ಕೊನೆ ಮುಟ್ಟಿತು, ಆ ತುದಿಯಲ್ಲಿ ಒಳಗಿನ ಸ್ಪ್ರಿಂಗು ಸಡಿಲ, ಗುರಿ ನಿಲ್ಲಲ್ಲ.

ಹಿಂದಿನ ರಿಂಗಿನಲ್ಲಿ ಸ್ಕೋಪಿನ ಕೆಳಗೆ ತೆಳ್ಳಗೆ ಏನಾದರೂ ಇಟ್ಟರೆ ಸ್ಕೋಪು ಮೂತಿ ತಗ್ಗಿಸುತ್ತೆ, ಗುಂಡು ಮೇಲೆ ಬರುತ್ತೆ. ರಿಂಗುಗಳ ನಡುವೆ ಹತ್ತು ಸೆಂಟಿಮೀಟರ್ ಇದ್ದರೆ, 0.1 ಮಿ.ಮೀ. ದಪ್ಪದ ಪಟ್ಟಿ ಹತ್ತು ಮೀಟರಲ್ಲಿ ಒಂದು ಸೆಂಟಿಮೀಟರ್ ಎತ್ತುತ್ತೆ. ಇದು ಎಂಟನೇ ಕ್ಲಾಸಿನ ತ್ರಿಕೋನದ ಲೆಕ್ಕ, ಮೊದಲ ಸಲ ಉಪಯೋಗಕ್ಕೆ ಬಂತು. ತೀರಾ ದಪ್ಪ ಇಟ್ಟರೆ ನಳಿಕೆ ಬಾಗುತ್ತೆ, ಎರಡು ಪದರಕ್ಕೆ ನಿಲ್ಲಿಸಬೇಕು. ಆದರೆ ಅಷ್ಟು ತೆಳ್ಳಗಿನದು, ಎಲ್ಲ ಕಡೆ ಒಂದೇ ದಪ್ಪದ್ದು ಎಲ್ಲಿಂದ ತರೋದು? ಪೀಣ್ಯಕ್ಕೆ ಹೋಗಿ ಯಾವುದಾದರೂ ವರ್ಕ್‌ಶಾಪಲ್ಲಿ ಕೇಳ್ತೀನಿ ಅಂದೆ.

"ಫೋಟೋ ನೆಗೆಟಿವ್ ಇಲ್ವೇನೋ" ಅಂದರು ಅಪ್ಪ.

ಗೋದ್ರೇಜ್ ಬೀರು ಮೇಲಿಂದ ಡಬ್ಬ ಇಳಿಯಿತು. ಒಂದೊಂದು ಸುರುಳಿ ತೆಗೆದು, ಟ್ಯೂಬ್‌ಲೈಟಿಗೆ ಹಿಡಿದು, ಲೂಪ್ ಹಾಕಿ ನೋಡ್ತಾ ಹೋದರು. ಬೇಕಾದದ್ದು ಚಿತ್ರ ಬೀಳದ ಖಾಲಿ ತುದಿ ಮಾತ್ರ. ಅದು ಮೊದಲನೇ ಸುರುಳಿಯಲ್ಲೇ ಸಿಕ್ಕಿತ್ತು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. "ಇದು ಶಿವಗಂಗೆ... ಇದು ನಿನ್ನ ನಾಮಕರಣ... ಇಲ್ನೋಡೇ, ನಿನ್ನ ಜಡೆ" ಅಂತ ಅಮ್ಮನ್ನ ಕರೆದರು. ಕಪ್ಪು ಬಿಳುಪು ಅದಲುಬದಲಾದ ಅಮ್ಮ, ಬೆರಳುಗುರಿನಷ್ಟು. ಅಮ್ಮ ಲೂಪ್ ಹಾಕಿಕೊಳ್ಳೋಕೆ ಹೋಗಿ ಬೀಳಿಸಿದರು, ನಕ್ಕರು. ಅವತ್ತು ಸಾರಾಗಿದ್ದು ಎರಡೂವರೆಗೆ.

ನಾಲ್ಕನೇ ಭಾನುವಾರ ನೆಗೆಟಿವ್ ಎರಡು ಪದರ ಇಟ್ಟು ಮತ್ತೆ ಕೂರಿಸಿದೆವು. ಮೌಂಟಿಗೂ ರೈಲಿಗೂ ಸೇರಿಸಿ ಉಗುರು ಬಣ್ಣದ ಹೊಸ ಗೀಟು. ಅಪ್ಪ ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಕೂತು ಹತ್ತು ಗುಂಡು ಹೊಡೆದರು. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಯಾವ ಆತುರವೂ ಇಲ್ಲ. ಕಾಗದ ತಂದು ಅದರ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ಟೆ. ಒಂಬತ್ತು ತೂತು ಮುಚ್ಚಿಹೋಯ್ತು, ಒಂದು ಹೊರಗುಳಿಯಿತು.

"ಆ ಒಂದು ಹೊಡೆಯೋವಾಗ ನೀನು ಕೆಮ್ಮಿದೆ" ಅಂದರು. ನಾನು ಕೆಮ್ಮಿರಲಿಲ್ಲ. ಒಪ್ಪಿಕೊಂಡೆ.

ಈಗ ಇನ್ನೂರು ಗುಂಡು ದಾಟಿದೆ. ಐವತ್ತಕ್ಕೊಮ್ಮೆ ಸ್ಕ್ರೂ ಮುಟ್ಟಿ ನೋಡೋದು ಬಿಟ್ಟರೆ ಬೇರೆ ಕೆಲಸ ಇಲ್ಲ. ಉಗುರು ಬಣ್ಣದ ಗೀಟು ಇನ್ನೂ ಒಂದೇ ಗೀಟು. ಮೊನ್ನೆ ಪಕ್ಕದ ಬೀದಿಯವರು ಒಬ್ಬರು ನಿಂತ ವಾಚು ತಂದಿದ್ದರು. ಅಪ್ಪ ಏನೂ ಹೇಳದೆ ಇಸ್ಕೊಂಡು ಒಳಗೆ ಹೋದರು. ಸರಿಯಾಯ್ತಾ ಅಂತ ನಾನು ಕೇಳಿಲ್ಲ. ಕೇಳಬಾರದು ಅನ್ನೋಷ್ಟು ಬುದ್ಧಿ ಈಗ ಬಂದಿದೆ.

ಇನ್ನೊಂದು ಹೇಳಿ ಮುಗಿಸ್ತೀನಿ. ನಿನ್ನೆ ರಾತ್ರಿ ಈ ಪೋಸ್ಟ್ ಟೈಪ್ ಮಾಡ್ತಾ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪಿಗೆ ಬಗ್ಗಿಕೊಂಡು ಕೂತಿದ್ದೆ. ನೀರು ಕುಡಿಯೋಕೆ ಬಂದ ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿದರು. ಒಳಗೆ ಹೋಗಿ ಎರಡು ಹಳೇ ಟೆಲಿಫೋನ್ ಡೈರೆಕ್ಟರಿ ತಂದು, ಲ್ಯಾಪ್‌ಟಾಪ್ ಎತ್ತಿ, ಅದರ ಕೆಳಗಿಟ್ಟರು.

"ಕಣ್ಣು ಮುಚ್ಚಿಕೋ" ಅಂದರು. "ನೆಟ್ಟಗೆ ಕೂತ್ಕೋ. ಈಗ ತೆಗಿ."

ಪರದೆ ಸರಿಯಾಗಿ ಕಣ್ಣೆದುರಿಗಿತ್ತು. ಇನ್ನೊಂಚೂರು ಎತ್ತರ ಬೇಕು ಅನ್ನಿಸಿತು. ಆದರೆ ನಮ್ಮ ಮನೆಯಲ್ಲಿ ಇರೋದು ಎರಡೇ ಡೈರೆಕ್ಟರಿ.